ಚೆನ್ನಾಗಿದೆ ಅಂದವರು

"ಥ್ಯಾಂಕ್ಸ್ ಹೇಳೋಕೆ ಹತ್ತು ನಿಮಿಷ ಯಾಕೆ ಬೇಕು?" ಎಂದು ಗಂಡ ವಿಘ್ನೇಶ್ ಕೇಳಿದಾಗ ಶ್ರೀಲಕ್ಷ್ಮಿ ದೋಸೆಯ ಕಾವಲಿಯ ಮುಂದೆ ನಿಂತು ಮಧ್ಯಾಹ್ನದ ಭಾಷಣದ ಮೊದಲ ವಾಕ್ಯವನ್ನು ಸ್ವೀಡಿಷಿನಲ್ಲಿ ಉರು ಹೊಡೆಯುತ್ತಿದ್ದಳು. ಅವನು ತಮಾಷೆಗೆ ಕೇಳಿದ್ದ. ಲಿಂಡ್‌ಹೋಲ್ಮೆನ್‌ನ ಆಫೀಸಿಗೆ ಹೊರಡುವ ಅವಸರದಲ್ಲಿ ಒಂದು ಕಾಲಿಗೆ ಶೂ ಏರಿಸಿ, ಇನ್ನೊಂದನ್ನು ಕೈಯಲ್ಲಿ ಹಿಡಿದು, ಉತ್ತರಕ್ಕೂ ಕಾಯದೆ ಬಾಗಿಲ ಕಡೆ ತಿರುಗಿಯಾಗಿತ್ತು. ಆದರೆ ಆ ಮಾತು ಅವಳಿಗೆ ಹಲ್ಲಿನ ಸಂದಿಯ ಅಡಿಕೆ ಚೂರಿನ ಹಾಗೆ ಸಿಕ್ಕಿಕೊಂಡಿತು. "ಬರೀ ಥ್ಯಾಂಕ್ಸ್ ಅಲ್ಲ, ರಿಸರ್ಚ್ ರಿಸಲ್ಟೂ ಹೇಳ್ಬೇಕು," ಎಂದಳು. "ಹಾಗಾದ್ರೆ ರಿಸಲ್ಟ್ ಹೇಳು, ಕೊನೇಲಿ ಥ್ಯಾಂಕ್ಸ್ ಹೇಳು. ಮುಗೀತಲ್ಲ." ರಿಸಲ್ಟು ಏನೆಂದು ಅವನು ಕೇಳಲಿಲ್ಲ, ಅವಳೂ ಹೇಳಿರಲಿಲ್ಲ. ಮೇಜಿನ ಹತ್ತಿರ ಕುಳಿತು ದೋಸೆಯನ್ನು ಸುರುಳಿ ಸುತ್ತುತ್ತಿದ್ದ ಎಂಟು ವರ್ಷದ ನೈನಾ ಮಾತ್ರ ಅಮ್ಮನ ಉಚ್ಚಾರಣೆಯನ್ನು ಕಿವಿಗೊಟ್ಟು ಕೇಳುತ್ತಿದ್ದಳು. "ಮಮ್ಮಾ, ತಾಕ್‌ಸಾಮ್ ಅಲ್ಲ. ತಕ್‌ಸಮ್. ನೀನು ಎಳೀತೀಯ," ಎಂದಳು. ಕೃತಜ್ಞಳು ಎಂಬ ಅರ್ಥದ ಆ ಶಬ್ದವನ್ನು ಶ್ರೀಲಕ್ಷ್ಮಿ ಇನ್ನೆರಡು ಸಲ ಹೇಳಿದಳು. ಮಗಳು ತಲೆ ಆಡಿಸಿ, ಇನ್ನು ಇವಳಿಗೆ ಇಷ್ಟೇ ಬರುವುದು ಎನ್ನುವ ಹಾಗೆ, ದೋಸೆಯ ಕಡೆ ತಿರುಗಿದಳು.

ರೈಲಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮನೆಯಿದ್ದ ಯೋಟೆಬೊರಿ ನಗರದಿಂದ ಅವಳ ಆಸ್ಪತ್ರೆ ಇರುವ ಊರಿಗೆ ಹೋಗುವ ದಾರಿಯಲ್ಲಿ ಅಕ್ಟೋಬರಿನ ಮರಗಳು ಎಲೆಯುದುರಿಸಿ ಅರ್ಧ ಬೋಳಾಗಿದ್ದವು. ಟಿಕೆಟ್ ನೋಡಿದವನಿಗೆ ತಕ್, ಅಂದರೆ ಥ್ಯಾಂಕ್ಸ್, ಅಂದಳು. ಚೀಲ ಸರಿಸಿ ಜಾಗ ಕೊಟ್ಟ ಹೆಂಗಸಿಗೆ ತಕ್ ಅಂದಳು. ಈ ದೇಶದಲ್ಲಿ ಬೆಳಗಿನಿಂದ ಸಂಜೆಯವರೆಗೆ ಆಡುವ ಮಾತಿನಲ್ಲಿ ಅರ್ಧ ಅದೇ. ಹರಿಹರದ ಅವರ ಮನೆಯಲ್ಲಿ ಆ ಅರ್ಥದ ಶಬ್ದವನ್ನು ಯಾರೂ ಬಳಸಿದ್ದು ಅವಳಿಗೆ ನೆನಪಿಲ್ಲ. ಪಕ್ಕದ ಮನೆಯವರು ಕರಿಬೇವು ತಂದುಕೊಟ್ಟರೆ ಅವಳಮ್ಮ "ಯಾಕೆ ತರೋಕೆ ಹೋದ್ರಿ, ನಾನೇ ಬರ್ತಿದ್ದೆ" ಎಂದು ಗದರಿದ ಹಾಗೆ ಹೇಳಿ, ಅವರ ಬಟ್ಟಲನ್ನು ಖಾಲಿ ಕಳಿಸಬಾರದೆಂದು ಒಳಗೆ ಹೋಗಿ ಏನಾದರೂ ಹುಡುಕುತ್ತಿದ್ದಳು. ಅಲ್ಲಿ ಧನ್ಯವಾದ ಅನ್ನುವುದು ವೇದಿಕೆಯ ಮಾತು. ಮೈಕು ಇದ್ದರೆ ಮಾತ್ರ ಬಾಯಿಗೆ ಬರುವುದು. ಊರಿನ ಕಲ್ಯಾಣ ಮಂಟಪದಲ್ಲಿ ಒಮ್ಮೆ ಅಂಥದೊಂದು ವೇದಿಕೆಯ ಮೇಲೆ ಅವಳೂ ಸೇರಿ ಹತ್ತನೇ ಕ್ಲಾಸು ಪಾಸಾದ ಹುಡುಗಿಯರು ಹಸಿರು ಲಂಗದಾವಣಿ ಉಟ್ಟು ಸಾಲಾಗಿ ನಿಂತಿದ್ದರು. ಅಕ್ಕಿ ಗಿರಣಿಯ ಯಜಮಾನರು ತಮ್ಮ ತಂದೆಯ ಹೆಸರಿನಲ್ಲಿ ಸ್ಕಾಲರ್‌ಶಿಪ್ ಕೊಡುತ್ತಿದ್ದರು. ಅವಳ ಸರದಿ ಬಂದಾಗ ಕವರು ತಗೊಂಡು ಕಾಲಿಗೆ ಬಿದ್ದು ಎದ್ದಳು. ಫೋಟೋದವನು ರೀಲು ಬದಲಿಸುತ್ತಿದ್ದ. "ಏ ಮಗಾ, ಇನ್ನೊಂದ್ಸಲ ಬೀಳು," ಎಂದು ಕೆಳಗಿನಿಂದ ಕೂಗಿದ. ಸಭೆ ನಕ್ಕಿತು. ಗಿರಣಿಯ ಯಜಮಾನರೂ ನಕ್ಕರು, ಒಳ್ಳೆಯ ಮನುಷ್ಯ, ಬೇಡ ಬಿಡಮ್ಮಾ ಅಂತಲೂ ಅಂದರು. ಆದರೂ ಅವಳು ಕವರನ್ನು ಹಿಂದಕ್ಕೆ ಕೊಟ್ಟು, ಮತ್ತೆ ತಗೊಂಡು, ಮತ್ತೆ ಬಗ್ಗಿದಳು. ಮೊದಲ ಸಲ ಬಗ್ಗಿದಾಗ ಇದ್ದದ್ದು ಎರಡನೇ ಸಲ ಇರಲಿಲ್ಲ. ಎಲ್ಲಿ ಹೋಯಿತೆಂದು ಅವಳಿಗೆ ಈಗಲೂ ಗೊತ್ತಿಲ್ಲ. ಆ ಹಣದಿಂದಲೇ ಅವಳು ಪಿಯುಸಿಗೆ ಸೇರಿದ್ದು. ಮುಂದೆ ಫಿಸಿಯೋಥೆರಪಿ ಓದಿದ್ದು, ಬೆಂಗಳೂರಿನಲ್ಲಿ ಕೆಲಸ ಮಾಡಿದ್ದು, ಮದುವೆಯಾಗಿ ಇಲ್ಲಿಗೆ ಬಂದದ್ದು, ಎಲ್ಲದಕ್ಕೂ ಬೇರು ಆ ಕವರೇ. ಆದರೂ ಗಿರಣಿಯ ಯಜಮಾನರನ್ನು ನೆನೆದಾಗಲೆಲ್ಲ ಮೊದಲು ಬರುವುದು ನಗು ಕೇಳಿಸಿದ ಆ ಗಳಿಗೆ. ಇದು ತನ್ನ ಸಣ್ಣತನವೇ ಇರಬೇಕು ಎಂದು ಅವಳು ಎಷ್ಟೋ ಸಲ ಅಂದುಕೊಂಡಿದ್ದಾಳೆ.

ಇವತ್ತು ಬರುವವನ ಹೆಸರು ಸ್ಟಿಗ್ ಹೆಡ್‌ಲುಂಡ್. ತೀರಿಕೊಂಡ ಹೆಂಡತಿ ಬ್ರಿಟಾಳ ಹೆಸರಿನಲ್ಲಿ ಒಂದು ಸಣ್ಣ ಟ್ರಸ್ಟು ಮಾಡಿದ್ದ. ಮೂಳೆ ಡಾಕ್ಟರುಗಳ ಕೈಕೆಳಗೆ ಕೆಲಸ ಮಾಡುವ ಸಹಾಯಕರಿಗೆ ಆಸ್ಪತ್ರೆಯಲ್ಲೇ ತರಬೇತಿ ಕೊಡುವುದಕ್ಕೆ, ಅವರ ಕೆಲಸದ ಮೇಲೆ ಸಂಶೋಧನೆ ಮಾಡುವುದಕ್ಕೆ ಅದರ ಹಣ ಬರುತ್ತಿತ್ತು. ಮುರಿದ ಕೈಗೆ ಪ್ಲಾಸ್ಟರ್ ಹಾಕುವುದು, ತೆಗೆಯುವುದು, ಎಕ್ಸ್‌ರೇ ನೋಡಿ ಡಾಕ್ಟರನ್ನು ಕರೆಯಬೇಕೋ ಬೇಡವೋ ನಿರ್ಧರಿಸುವುದು, ಆಪರೇಷನ್ನಿನಲ್ಲಿ ಪಕ್ಕ ನಿಲ್ಲುವುದು. ಡಾಕ್ಟರೂ ಅಲ್ಲದ, ನರ್ಸೂ ಅಲ್ಲದ ಈ ಕೆಲಸಕ್ಕೆ ಇಲ್ಲಿನವರಿಗೇ ಸರಿಯಾದ ಹೆಸರಿರಲಿಲ್ಲ. ಆದರೆ ವೃದ್ಧರ ಮನೆಯಲ್ಲಿ ಹಾಸಿಗೆ ಬದಲಿಸುತ್ತಾ ಮೂರು ಚಳಿಗಾಲ ಕಳೆದಿದ್ದ ಶ್ರೀಲಕ್ಷ್ಮಿಗೆ ಅದು ಮತ್ತೆ ಮೂಳೆ, ಮಾಂಸ, ಕೀಲುಗಳ ಲೋಕಕ್ಕೆ ತೆರೆದ ಬಾಗಿಲಾಗಿತ್ತು. ಆ ಬಾಗಿಲು ತೆರೆದವನನ್ನು ಅವಳು ಇದುವರೆಗೆ ನೋಡಿರಲಿಲ್ಲ. ನೋಡುವ ದಿನ ಇಂಥ ರಿಸಲ್ಟು ಕೈಯಲ್ಲಿ ಹಿಡಿದು ನೋಡಬೇಕಾಗಿ ಬಂದಿತ್ತು.

ಮಾರ್ಗಿಟ್ ಬೆಳಗಿನ ಮೊದಲ ರೋಗಿ. ಎಂಬತ್ತರ ಹತ್ತಿರದ ಹೆಂಗಸು, ಒಂಟಿ, ವಸಂತದಲ್ಲಿ ಮನೆಯ ಮೆಟ್ಟಿಲಲ್ಲಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದಳು. ಇವತ್ತು ಎಡಗೈಯಲ್ಲಿ ಬಟ್ಟೆಯ ಚೀಲವೊಂದನ್ನು ಹಿಡಿದು ಬಂದು ಮೇಜಿನ ಮೇಲಿಟ್ಟಳು. ತುಂಬ ಸೇಬು. "ನಮ್ಮ ಹಿತ್ತಲಿಂದು. ಸ್ವಲ್ಪ ಹುಳಿ. ನಿನ್ನ ಮಗಳಿಗೆ ಹುಳಿ ಇಷ್ಟ ಅಂದಿದ್ದೆಯಲ್ಲ." ಅಂದದ್ದು ನಿಜ. ಫೋನಿನಲ್ಲಿ ಅಂದಿದ್ದಳು. ಪ್ಲಾಸ್ಟರ್ ಹಾಕಿದ ಎರಡನೇ ವಾರ ಸಾಮಾನ್ಯವಾಗಿ ರೋಗಿಗಳು ಆಸ್ಪತ್ರೆಗೆ ಬಂದು ತೋರಿಸಿಕೊಂಡು ಹೋಗಬೇಕು. ಶ್ರೀಲಕ್ಷ್ಮಿಯ ಸಂಶೋಧನೆಯಲ್ಲಿ ಅರ್ಧ ಜನ ಹಾಗೇ ಬಂದರು, ಇನ್ನರ್ಧ ಜನರಿಗೆ ಅವಳು ಫೋನ್ ಮಾಡಿ ವಿಚಾರಿಸಿದಳು. ಯಾರು ಯಾವ ಕಡೆ ಎನ್ನುವುದನ್ನು ಕಂಪ್ಯೂಟರು ಚೀಟಿ ಎತ್ತಿದ ಹಾಗೆ ಹಂಚಿತು. ಮಾರ್ಗಿಟ್ ಫೋನಿನ ಕಡೆಗೆ ಬಿದ್ದಳು. ನೋವಿದೆಯಾ, ಬೆರಳು ಆಡುತ್ತವಾ ಎಂದು ಕೇಳಿದರೆ "ಚೆನ್ನಾಗಿದೆ, ತಕ್, ಎಲ್ಲ ಚೆನ್ನಾಗಿದೆ" ಎಂದು ಹೇಳಿ, ನಿನ್ನ ಊರಿನಲ್ಲಿ ಈಗ ಬಿಸಿಲಾ, ಮಗಳು ಈಜು ಕಲಿತಳಾ ಎಂದು ಮಾತಿಗೆ ಕೂತಳು. ಒಳ್ಳೆಯ ಮಾತುಕತೆ. ಫೋನ್ ಇಟ್ಟ ಮೇಲೆ ಶ್ರೀಲಕ್ಷ್ಮಿಗೆ ಎಷ್ಟೋ ಹೊತ್ತು ಮನಸ್ಸು ಬೆಚ್ಚಗಿತ್ತು. ಪ್ಲಾಸ್ಟರ್ ತೆಗೆಯುವ ದಿನ ನೋಡಿದರೆ ಅದರ ಅಂಚು ಬೆರಳುಗಳ ಬುಡವನ್ನು ಒತ್ತಿ ಒತ್ತಿ, ಬೆರಳು ಮಡಿಸಲಾಗದೆ, ಕೈ ಒಣಗಿದ ಕೊಂಬೆಯ ಹಾಗೆ ಬಿಗಿದುಕೊಂಡಿತ್ತು. ಬಂದು ತೋರಿಸಿದ್ದರೆ ಒಂದು ಬೆರಳಗಲ ಪ್ಲಾಸ್ಟರ್ ಕತ್ತರಿಸಿ ಕಳಿಸುವಷ್ಟು ಸಣ್ಣ ಕೆಲಸ.

ಈಗ ಶ್ರೀಲಕ್ಷ್ಮಿ ಆ ಬೆರಳುಗಳನ್ನು ಒಂದೊಂದಾಗಿ ಹಿಡಿದು ಮಡಿಸುತ್ತಿದ್ದಳು. ತಿಂಗಳುಗಳಿಂದ ನಡೆದ ಕೆಲಸ. ಕಿರುಬೆರಳು ಅಂಗೈ ಮುಟ್ಟುತ್ತಿತ್ತು, ಉಳಿದವು ದೂರದಲ್ಲೇ ನಿಂತಿದ್ದವು. ಕಾಫಿಯ ಲೋಟ ಹಿಡಿಯಲು ಇನ್ನೂ ಎಡಗೈಯೇ ಬೇಕು. ಅವಳು ಇಷ್ಟು ದಿನ ಕೇಳದೆ ಇದ್ದದ್ದನ್ನು ಯಾಕೋ ಇವತ್ತು ಕೇಳಿದಳು.

"ಮಾರ್ಗಿಟ್, ನಾನು ಫೋನ್ ಮಾಡಿದಾಗ ನೋವಿರಲಿಲ್ವಾ?"

"ಇತ್ತಪ್ಪ. ಜೀವ ಹೋಗೋ ಹಾಗೆ ಇತ್ತು."

"ಮತ್ತೆ ಚೆನ್ನಾಗಿದೆ ಅಂದಿರಿ."

ಮಾರ್ಗಿಟ್ ಆಶ್ಚರ್ಯದಿಂದ ನೋಡಿದಳು, ಇದನ್ನೂ ಬಿಡಿಸಿ ಹೇಳಬೇಕೇ ಎನ್ನುವ ಹಾಗೆ. "ನೀನು ಎಷ್ಟು ಪ್ರೀತಿಯಿಂದ ಕೇಳಿದೆ. ನೋವು ಅಂದರೆ ನೀನು ಡಾಕ್ಟರನ್ನ ಕರೀತೀನಿ ಅಂತ ಫೋನ್ ಇಟ್ಟುಬಿಡ್ತಿದ್ದೆ. ನನಗೆ ಯಾರು ಫೋನ್ ಮಾಡ್ತಾರೆ ಹೇಳು?" ಆಮೇಲೆ ಬಿಗಿದ ಕೈಯನ್ನು ಶ್ರೀಲಕ್ಷ್ಮಿಯ ಕೈಯ ಮೇಲಿಟ್ಟು, "ನೀನು ನನಗೆ ಬಹಳ ಮಾಡಿದ್ದೀಯ. ತಕ್," ಎಂದಳು.

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದಳು. ಮಾರ್ಗಿಟ್ ಹೋದ ಮೇಲೆ ಸೇಬಿನ ಚೀಲವನ್ನು ಎಲ್ಲಿಡಬೇಕೆಂದು ತಿಳಿಯದೆ ಅವಳು ಪ್ಲಾಸ್ಟರ್ ಕೋಣೆಯ ನಡುವೆ ಸುಮ್ಮನೆ ನಿಂತಳು. ಕಿಟಕಿಯ ಮೇಲಿಟ್ಟರೆ ಎಲ್ಲರಿಗೂ ಕಾಣುತ್ತದೆ, ಯಾರು ಕೊಟ್ಟರು ಅನ್ನುತ್ತಾರೆ. ಕೊನೆಗೆ ಮೇಜಿನ ಕೆಳಗೆ, ಬ್ಯಾಂಡೇಜಿನ ಡಬ್ಬಿಗಳ ಹಿಂದೆ ತಳ್ಳಿದಳು, ಕದ್ದು ತಂದ ಹಾಗೆ.

ಊಟದ ಹೊತ್ತಿಗೆ ಆನ್ನಿಕಾ ಸಿಕ್ಕಳು. ಶ್ರೀಲಕ್ಷ್ಮಿಯ ಮಾರ್ಗದರ್ಶಿ, ವಿಭಾಗದ ಹಿರಿಯ ಸರ್ಜನ್. ಇವಳನ್ನು ವೃದ್ಧರ ಮನೆಯ ಕೆಲಸದಿಂದ ಎತ್ತಿ ತಂದು ಈ ತರಬೇತಿಗೆ ಸೇರಿಸಿಕೊಂಡವಳು ಅವಳೇ. ಆ ಇಂಟರ್‌ವ್ಯೂನಲ್ಲಿ ಶ್ರೀಲಕ್ಷ್ಮಿಯ ಸ್ವೀಡಿಷ್ ಮೂರನೇ ವಾಕ್ಯಕ್ಕೇ ಮುಗ್ಗರಿಸಿದಾಗ, "ಮಾತು ಬೇಡ. ನನ್ನ ಭುಜ ಪರೀಕ್ಷೆ ಮಾಡು" ಎಂದು ಕೋಟು ಕಳಚಿ ಕೂತಿದ್ದಳು. ಹಾಗೆ ಕೂತವಳ ಋಣ ಸಣ್ಣದಲ್ಲ. ಈಗ ಕಾರಿಡಾರಿನಲ್ಲಿ ನಿಂತು ಬ್ರೆಡ್ಡು ಕಚ್ಚುತ್ತಾ ಆನ್ನಿಕಾ ಹೇಳಿದಳು, "ಶ್ರೀ, ತೃಪ್ತಿಯ ಅಂಕಿಗಳಿಂದ ಶುರು ಮಾಡು. ಫೋನಿನ ಗುಂಪಿಗೆ ಎಷ್ಟೊಂದು ಸಂತೋಷ ಇದೆ ಅಂತ. ಅದು ಸುಳ್ಳಲ್ಲವಲ್ಲ." ಇಲ್ಲಿ ಎಲ್ಲರೂ ಅವಳನ್ನು ಶ್ರೀ ಎಂದೇ ಕರೆಯುತ್ತಾರೆ. ಎದೆಯ ಮೇಲಿನ ಬಿಲ್ಲೆಯಲ್ಲೂ ಅದೇ. ಹೆಸರಿನ ಮುಂದಿನ ಗೌರವವಷ್ಟೇ ಉಳಿದು ಹೆಸರೇ ಹೋಗಿದೆ ಎಂದು ವಿಘ್ನೇಶ್ ನಗಾಡುತ್ತಾನೆ.

"ಬೆರಳಿನ ವಿಷಯ?" ಎಂದಳು ಶ್ರೀಲಕ್ಷ್ಮಿ.

ಆನ್ನಿಕಾ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿದಳು. "ಪೇಪರ್‌ನಲ್ಲಿ ಎಲ್ಲ ಬರೀತೀವಿ. ಒಂದಕ್ಷರ ಬಿಡೋದಿಲ್ಲ. ಆದರೆ ಇವತ್ತು... ಫೋನಿನ ಯೋಚನೆ ಸ್ಟಿಗ್‌ದೇ ಅಂತ ನಿನಗೆ ಗೊತ್ತು. ಬ್ರಿಟಾ ಕೈ ಮುರ್ಕೊಂಡ ವರ್ಷ ಅವಳನ್ನ ಜನವರಿಯ ಮಂಜಿನ ಮೇಲೆ ಟ್ಯಾಕ್ಸಿಯಲ್ಲಿ ಕರ್ಕೊಂಡು ಬರ್ತಿದ್ದ. ಮೂರು ನಿಮಿಷ ನೋಡಿ ಕಳಿಸ್ತಿದ್ದೆವು. ಯಾರ ಹೆಂಡತಿಯನ್ನೂ ಹೀಗೆ ಎಳೆದಾಡಬಾರದು ಅಂತ ಆ ಮನುಷ್ಯನ ಆಸೆ. ಮುಂದಿನ ಹಣದ ಮಾತು ಫೆಬ್ರವರಿಯಲ್ಲಿ. ನೀನು ಸಂಶೋಧನೆಗೆ ಕೊಡೋ ಹೊತ್ತಿನ ಸಂಬಳವೂ ಅದರಲ್ಲೇ ಇದೆ." ಅವಳ ದನಿಯಲ್ಲಿ ಕಪಟವಿರಲಿಲ್ಲ, ದಣಿವಿತ್ತು. "ನಿರ್ಧಾರ ನಿಂದು," ಎಂದು ಸೇರಿಸಿದಳು. ಕಪಟವಿದ್ದಿದ್ದರೆ ಸುಲಭವಾಗುತ್ತಿತ್ತು.

ಸಭೆಯ ಕೋಣೆಯಲ್ಲಿ ಫ್ಲಾಸ್ಕಿನ ಕಾಫಿ, ದಾಲ್ಚಿನ್ನಿ ಬನ್ನು, ಮೋಡದ ಬೆಳಕು. ವಿಭಾಗದ ಮುಖ್ಯಸ್ಥ, ಇನ್ನಿಬ್ಬರು ಡಾಕ್ಟರುಗಳು, ಆನ್ನಿಕಾ. ಶ್ರೀಲಕ್ಷ್ಮಿ ಒಳಗೆ ಬಂದಾಗ ಒಬ್ಬ ಬಾಗಿದ ಬೆನ್ನಿನ ಮುದುಕ ಕುರ್ಚಿಯ ಕೈ ಹಿಡಿದು ಎದ್ದು ನಿಂತ. ಕಂದು ಸ್ವೆಟರು, ಮೊಣಕೈಯಲ್ಲಿ ಹೊಲಿದ ತೇಪೆ. "ನಾನು ಸ್ಟಿಗ್," ಎಂದ, ಅವಳಿಗೆ ಗೊತ್ತಿಲ್ಲವೇನೋ ಎನ್ನುವ ಹಾಗೆ. ಆಮೇಲೆ ಬಾಯಿಪಾಠ ಒಪ್ಪಿಸುವವನ ಮುಖ ಮಾಡಿಕೊಂಡು, "ಸ್ರಿ... ಲಾಕ್ಸ್... ಮಿ," ಎಂದ. ಲಾಕ್ಸ್ ಎಂದರೆ ಇವರಿಗೆ ಸಾಲ್ಮನ್ ಮೀನು. ಪಕ್ಕದ ಡಾಕ್ಟರ ಮುಖದಲ್ಲಿ ನಗು ಬಂದು ಹೋಯಿತು. ಮುದುಕನಿಗೆ ಅದು ಕಾಣಿಸಿ ಕಿವಿ ಕೆಂಪಾಯಿತು. "ತಪ್ಪಾಯ್ತಾ? ಕಾರಿನಲ್ಲಿ ಹೇಳಿ ಹೇಳಿ ನೋಡಿಕೊಂಡೆ," ಎಂದ. ಶ್ರೀಲಕ್ಷ್ಮಿ "ಸರಿಯಾಗಿದೆ" ಎಂದಳು. ಇಷ್ಟು ವರ್ಷದಲ್ಲಿ ಈ ಕಟ್ಟಡದೊಳಗೆ ತನ್ನ ಪೂರ್ತಿ ಹೆಸರು ಕೇಳಿದ್ದು ಇದೇ ಮೊದಲು ಎಂದು ಹೊಳೆಯಿತು. ಇಲ್ಲಿನ ಭಾಷೆಯಲ್ಲಿ ಎಲ್ಲರಿಗೂ ಒಂದೇ ಏಕವಚನ. ಆದರೂ ಅವಳ ತಲೆಯೊಳಗೆ ಆ ಕ್ಷಣದಿಂದ ಅವನು ಅವರಾದರು.

ಮೊದಲ ಐದು ನಿಮಿಷ ಎಲ್ಲ ಕಲಿಸಿದ ಹಾಗೇ ನಡೆಯಿತು. ತಕ್‌ಸಮ್ ಎನ್ನುವುದು ಮಗಳು ಹೇಳಿದ ಹಾಗೇ ಬಂತು. ತರಬೇತಿ ಮುಗಿಸಿದವರು ಈಗ ಎಲ್ಲೆಲ್ಲಿದ್ದಾರೆ ಎಂದು ಹೇಳಿದಳು. ತೃಪ್ತಿಯ ಅಂಕಿಗಳ ಚಿತ್ರ ಪರದೆಯ ಮೇಲೆ ಬಂತು, ಫೋನಿನವರ ಹಸಿರು ಕಂಬ ಎತ್ತರಕ್ಕೆ. ಸ್ಟಿಗ್ ಮುಂದಕ್ಕೆ ಬಾಗಿ ನೋಡಿದರು. ಅವರ ಮುಖ ಮೆಲ್ಲಗೆ ಬಿಚ್ಚಿಕೊಂಡಿತು. "ಬ್ರಿಟಾಗೆ ಇದು ಇಷ್ಟ ಆಗಿರೋದು," ಎಂದರು ಯಾರಿಗೂ ಅಲ್ಲದೆ. ಇಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದರೆ ಯಾರೂ ಅವಳನ್ನು ಕೇಳುತ್ತಿರಲಿಲ್ಲ, ಚಪ್ಪಾಳೆ ತಟ್ಟಿ ಬನ್ನಿನ ತಟ್ಟೆ ಮುಂದೆ ಸರಿಸುತ್ತಿದ್ದರು. ಈ ಮನುಷ್ಯನ ಮುಖವನ್ನು ಮತ್ತೆ ಮುಚ್ಚಿಸುವ ಹಕ್ಕು ತನಗೇನಿದೆ, ಇವರದೇ ಅನ್ನ ತಿಂದು? ಆದರೆ ಕಣ್ಣ ಮುಂದೆ ಮಾರ್ಗಿಟ್‌ಳ ಕೈ ಇತ್ತು, ತನ್ನ ಕೈಯ ಮೇಲೆ ಬಂದು ಕೂತ ಅದರ ಭಾರ ಇನ್ನೂ ಇತ್ತು. ಪ್ರೀತಿಯಿಂದ ಕೇಳಿದವರಿಗೆ ಚೆನ್ನಾಗಿದೆ ಅನ್ನುವುದು ಎಷ್ಟು ಸುಲಭ. ಕೇಳಿದವರಿಗೂ ಸಮಾಧಾನ, ಹೇಳಿದವರಿಗೂ ಸಮಾಧಾನ, ಒಳಗೆ ಬೆರಳು ಬಿಗಿಯುತ್ತಲೇ ಇರುತ್ತದೆ.

"ಇನ್ನೊಂದು ವಿಷಯ ಇದೆ," ಎಂದಳು.

ಆನ್ನಿಕಾ ಕಿಟಕಿಯ ಕಡೆ ನೋಡಿದಳು. ಉರು ಹೊಡೆದದ್ದು ಮುಗಿದ ಮೇಲೆ ಶ್ರೀಲಕ್ಷ್ಮಿಯ ಸ್ವೀಡಿಷ್ ಕುಂಟತೊಡಗಿತು. ಕ್ರಿಯಾಪದ ಎಲ್ಲೋ, ಕರ್ತೃ ಎಲ್ಲೋ. ಬಿಗಿತ ಎನ್ನುವ ಶಬ್ದ ಎಷ್ಟು ತಡಕಿದರೂ ಸಿಗಲಿಲ್ಲ. ಕೊನೆಗೆ ಅವಳು ಮಾತು ಬಿಟ್ಟು ತನ್ನ ಬಲಗೈಯನ್ನು ಎತ್ತಿ ಹಿಡಿದಳು. ಬೆರಳುಗಳನ್ನು ಮಾರ್ಗಿಟ್‌ಳ ಬೆರಳಿನಷ್ಟೇ ಮಡಿಸಿ, ಅಲ್ಲಿಗೇ ನಿಲ್ಲಿಸಿದಳು. "ಇಷ್ಟೇ. ಇದಕ್ಕಿಂತ ಮುಂದೆ ಹೋಗಲ್ಲ. ಲೋಟ ಹಿಡಿಯೋಕೆ ಆಗಲ್ಲ. ಗುಂಡಿ ಹಾಕೋಕೆ ಆಗಲ್ಲ. ಆಸ್ಪತ್ರೆಗೆ ಬಂದವರಲ್ಲಿ ಇಂಥವರು ಕಡಿಮೆ. ಫೋನಿನಲ್ಲಿ ಮಾತಾಡಿದವರಲ್ಲಿ ಎರಡು ಪಾಲಿಗೂ ಹೆಚ್ಚು." ಎತ್ತಿದ ಕೈಯನ್ನು ಇಳಿಸಬೇಕೆಂದು ಅವಳಿಗೆ ತೋಚಲಿಲ್ಲ. ವಿಭಾಗದ ಮುಖ್ಯಸ್ಥ ಗಂಟಲು ಸರಿಮಾಡಿಕೊಂಡು, "ಸಣ್ಣ ಅಧ್ಯಯನ, ಇನ್ನೂ ದೊಡ್ಡದಾಗಿ ಮಾಡಿದರೆ..." ಎಂದು ಶುರುಮಾಡಿದ. ಸ್ಟಿಗ್ ಕೈ ಎತ್ತಿ ಅವನನ್ನು ತಡೆದರು. ಅವರು ನೋಡುತ್ತಿದ್ದದ್ದು ಅವಳ ಬೆರಳುಗಳನ್ನು.

"ನೋವಿತ್ತು ಅಂತ ಯಾಕೆ ಹೇಳಲಿಲ್ಲ ಅವರು?"

"ನಾನು ಚೆನ್ನಾಗಿ ಮಾತಾಡಿಸ್ತಿದ್ದೆ," ಎಂದಳು ಶ್ರೀಲಕ್ಷ್ಮಿ. "ಅದಕ್ಕೇ."

ಕೋಣೆಯಲ್ಲಿ ಯಾರೋ ಕಾಫಿಯ ಕಪ್ಪನ್ನು ತಟ್ಟೆಯ ಮೇಲಿಟ್ಟ ಸದ್ದು. ಕೆಲಸ ಹೋಯಿತು, ಆನ್ನಿಕಾ ಮುಖ ನೋಡುವುದು ಹೇಗೆ, ಮುಂದೆ ಈ ಕೋರ್ಸಿಗೆ ಬರಬೇಕಾದವರ ಬಾಗಿಲನ್ನೂ ತಾನೇ ಮುಚ್ಚಿದೆನೋ ಏನೋ. ಸ್ಟಿಗ್ ಮಾತಾಡಿದಾಗ ಅದು ಅವಳಿಗೆ ಹೇಳಿದ ಹಾಗೂ ಇರಲಿಲ್ಲ.

"ಬ್ರಿಟಾಳ ಅಕ್ಕ ದೂರದ ಕಲ್ಮಾರ್‌ನಲ್ಲಿದ್ದಳು. ಭಾನುವಾರ ಫೋನ್ ಮಾಡೋಳು. ಕೈ ಹೇಗಿದೆ ಅಂತ. ಬ್ರಿಟಾ ಕೈಯನ್ನ ದಿಂಬಿನ ಮೇಲೆ ಇಟ್ಕೊಂಡು, ತುಟಿ ಕಚ್ಚಿಕೊಂಡು, ಚೆನ್ನಾಗಿದೆ ಕಣೇ, ಎಲ್ಲ ಚೆನ್ನಾಗಿದೆ ಅನ್ನೋಳು. ನಾನು ಪಕ್ಕದಲ್ಲೇ ಕೂತಿರ್ತಿದ್ದೆ. ಕಣ್ಣಾರೆ ನೋಡಿದ್ದೀನಿ." ಅವರು ಬನ್ನಿನ ತಟ್ಟೆಯನ್ನು ಒಂದಿಷ್ಟು ದೂರ ಸರಿಸಿದರು. "ಆಮೇಲೆ ಊರಿನವರಿಗೆಲ್ಲ ಫೋನ್ ಮಾಡಿ ಕೇಳಿ ಅಂತ ಹಣ ಕೊಟ್ಟೆ. ನಾನು ನೋಡಿದ್ದು ಮಂಜು. ನನ್ನ ಕಣ್ಣಿಗೆ ಮಂಜೊಂದೇ ಕಂಡಿತ್ತು."

ಅವರು ಅವಳ ಕಡೆ ತಿರುಗಿದರು. "ನೀನು ಹೇಳದೆ ಇದ್ದಿದ್ದರೆ ನಾನು ಸಾಯೋವರೆಗೂ ಇದನ್ನೇ ಮಾಡಿಸ್ತಿದ್ದೆ. ಕೂತ್ಕೋ. ಕೈ ಇಳಿಸು. ನೋಯುತ್ತೆ."

ಕಾಫಿ ಮುಗಿದ ಮೇಲೆ ಅವರು ಪ್ಲಾಸ್ಟರ್ ಕೋಣೆ ನೋಡಬೇಕೆಂದರು. ಮುಖ್ಯಸ್ಥ ಜೊತೆಗೆ ಹೊರಟರೆ ಬೇಡವೆಂದರು. ಆನ್ನಿಕಾ ಬಾಗಿಲವರೆಗೆ ಬಂದು, ಶ್ರೀಲಕ್ಷ್ಮಿಯ ಮೊಣಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟು, ಆಪರೇಷನ್ ಇದೆಯೆಂದು ಹೋದಳು. ಕೋಣೆಯಲ್ಲಿ ಸ್ಟಿಗ್ ಗೋಡೆಯ ಕಪಾಟುಗಳನ್ನು, ಬಕೆಟ್ಟನ್ನು, ಪ್ಲಾಸ್ಟರ್ ಕತ್ತರಿಸುವ ಗರಗಸವನ್ನು ಕೆಲಸ ಬಲ್ಲವರ ಕಣ್ಣಿನಲ್ಲಿ ನೋಡಿದರು. ಇದೇ ಊರಿನಲ್ಲಿ ಅವರದೊಂದು ಸಣ್ಣ ಕಾರ್ಖಾನೆ ಇತ್ತಂತೆ. ಬಾಗಿಲುಗಳಿಗೆ ಕೀಲು ಮಾಡುವುದು. ಮಕ್ಕಳಿರಲಿಲ್ಲ, ಮಾರಿಬಿಟ್ಟರು, ಬಂದ ಹಣವೇ ಈ ಟ್ರಸ್ಟು. "ನನಗೆ ಗೊತ್ತಿರೋದು ಕೀಲು ಒಂದೇ," ಎಂದರು. ಶ್ರೀಲಕ್ಷ್ಮಿಗೆ ನಗು ಬಂತು. ನಮ್ಮ ಭಾಷೆಯಲ್ಲಿ ಬಾಗಿಲಿಗೂ ಕೀಲು ಅಂತೀವಿ, ಮಣಿಕಟ್ಟಿಗೂ ಕೀಲು ಅಂತೀವಿ, ಎರಡಕ್ಕೂ ಒಂದೇ ಶಬ್ದ ಎಂದಳು. "ಹೌದಾ?" ಎಂದು ಅವರು ಕೀಲು, ಕೀಲು ಎಂದು ಎರಡು ಸಲ ಹೇಳಿಕೊಂಡರು. ಇದು ಅವರ ಬಾಯಲ್ಲಿ ಸಲೀಸಾಗಿ ಬಂತು. ಹಾಗೇ ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂತು ಸ್ವೆಟರಿನ ತೋಳು ಮೇಲೇರಿಸಿ ಬಲಗೈ ಚಾಚಿದರು.

"ನನಗೂ ಹಾಕು. ಬ್ರಿಟಾಗೆ ಹಾಕಿದ ಹಾಗೆ."

ಮುರಿಯದ ಕೈಗೆ ಪ್ಲಾಸ್ಟರ್ ಹಾಕುವುದೆಂದರೆ ಹೊಸ ವಿದ್ಯಾರ್ಥಿಗಳು ಒಬ್ಬರಿಗೊಬ್ಬರು ಮಾಡುವ ಕೆಲಸ. ಅವಳು ಬೇಡವೆನ್ನಲಿಲ್ಲ. ಮೃದುವಾದ ಹತ್ತಿಯ ಪದರ ಸುತ್ತಿದಳು, ಪಟ್ಟಿಯನ್ನು ನೀರಿನಲ್ಲಿ ಅದ್ದಿ ಹಿಂಡಿ ಮೊಣಕೈಯ ಕೆಳಗಿನಿಂದ ಅಂಗೈಯವರೆಗೆ ಹರಡಿ ಅಂಗೈಯಿಂದ ನೇವರಿಸಿದಳು. ಬೆರಳುಗಳ ಬುಡದಲ್ಲಿ ಅಂಚನ್ನು ಹಿಂದಕ್ಕೆ ಮಡಿಸಿ, "ಬೆರಳು ಮಡಿಸಿ. ಪೂರ್ತಿ. ಇಲ್ಲಿ ಒತ್ತಬಾರದು," ಎಂದಳು. ಅವರು ಶಾಲೆಯ ಹುಡುಗನ ಹಾಗೆ ಹೇಳಿದ್ದು ಮಾಡಿದರು. ಸ್ವಲ್ಪ ಹೊತ್ತಿಗೆ ಅವರ ಹುಬ್ಬು ಮೇಲೇರಿತು. "ಬಿಸಿಯಾಗ್ತಿದೆ!" ಪ್ಲಾಸ್ಟರ್ ಗಟ್ಟಿಯಾಗುವಾಗ ಅದರೊಳಗಿಂದಲೇ ಶಾಖ ಏಳುತ್ತದೆ ಎಂದಳು. "ಅವಳು ಹೇಳಿದ್ದಳು," ಎಂದರು ಸ್ಟಿಗ್. "ಆ ಚಳಿಯಲ್ಲಿ ಇಡೀ ದಿನಕ್ಕೆ ಅದೊಂದೇ ಬೆಚ್ಚಗಿದ್ದದ್ದು ಅಂದಿದ್ದಳು. ತಮಾಷೆ ಅಂದುಕೊಂಡಿದ್ದೆ." ಅವರ ಕಣ್ಣು ಒದ್ದೆಯಾಯಿತು. ಶ್ರೀಲಕ್ಷ್ಮಿ ಬಗ್ಗಿ ಪ್ಲಾಸ್ಟರಿನ ಅಂಚನ್ನು ಸವರುತ್ತಲೇ ಇದ್ದಳು. ಏನಾದರೂ ಹೇಳಬೇಕೆಂದು ಅನ್ನಿಸಲಿಲ್ಲ. ಬೆಳಗಿನಿಂದ ಹೇಳಲು ಹೊರಟದ್ದೆಲ್ಲ ಕೈಗೆ ಇಳಿದುಬಂದು, ಅಲ್ಲಿ ಹಿಟ್ಟಿನಂಥ ಆ ಬಿಳಿಯಲ್ಲಿ ಸಮನಾಗಿ ಹರಡುತ್ತಿತ್ತು. ಈ ಕೋಣೆ, ಈ ಬಕೆಟ್ಟು, ಈ ಕೆಲಸ ಬಲ್ಲ ತನ್ನ ಬೆರಳುಗಳು ಮತ್ತೆ ತನಗೆ ಸಿಕ್ಕಿದ್ದು, ಎಲ್ಲದರ ಹಿಂದೆ ತಾನು ಕಾಣದ ಒಬ್ಬ ಹೆಂಗಸು ನೋವನ್ನು ನುಂಗಿ ದಿಂಬಿನ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು.

ಫೆಬ್ರವರಿಯ ಸಭೆಯಲ್ಲಿ ಟ್ರಸ್ಟು ತರಬೇತಿಯನ್ನು ಮುಂದುವರಿಸುವುದೆಂದು ನಿರ್ಧರಿಸಿತು. ಫೋನಿನ ಸಂಶೋಧನೆ ನಿಂತಿತು. ಅದರ ಜೊತೆಗೆ ಶ್ರೀಲಕ್ಷ್ಮಿಗೆ ಸಂಶೋಧನೆಗೆಂದು ಸಿಗುತ್ತಿದ್ದ ಹೊತ್ತಿನಲ್ಲಿ ಅರ್ಧ ಹೋಯಿತು. ರೋಗಿಗಳ ಮನೆಗೇ ಹೋಗಿ ನೋಡುವ ಯೋಜನೆಯೊಂದನ್ನು ಅವಳು ಬರೆದು ಕಳಿಸಿದ್ದಳು, ಅದು ಸರ್ಕಾರದ ಕೆಲಸ ಎಂದು ಟ್ರಸ್ಟಿನ ಉಳಿದ ಸದಸ್ಯರು ಒಪ್ಪಲಿಲ್ಲ. ಸ್ಟಿಗ್ ಒಬ್ಬರೇ ಪರವಾಗಿ ಕೈ ಎತ್ತಿದರಂತೆ. ಪೇಪರ್ ಪ್ರಕಟವಾಯಿತು, ಒಂದಕ್ಷರವೂ ಬಿಡದೆ. ಅವಳು ಹೆಚ್ಚು ದಿನ ಪ್ಲಾಸ್ಟರ್ ಕೋಣೆಯಲ್ಲೇ ಕಳೆಯತೊಡಗಿದಳು. ವಸಂತದಲ್ಲಿ ಹೊಸದಾಗಿ ತರಬೇತಿಗೆ ಬಂದ ಇಬ್ಬರಿಗೆ ಮೊದಲ ದಿನ ಅವಳು ಕಲಿಸಿದ್ದು, ಹೇಗಿದ್ದೀರಿ ಎಂದು ಕೇಳಬೇಡಿ, ಮುಷ್ಟಿ ಕಟ್ಟಿ ತೋರಿಸಿ ಅನ್ನಿ ಎಂದು. "ಲಾಸ್ ಆಯ್ತಲ್ಲೇ ನಿಂಗೆ," ಎಂದ ವಿಘ್ನೇಶ್ ಸಂಕಟದಿಂದ. ಆಯಿತು ಅಂದಳು. ರಾತ್ರಿ ನಿದ್ದೆ ಮಾತ್ರ ಚೆನ್ನಾಗಿ ಬರುತ್ತಿತ್ತು. ಆದರೆ ಇದೆಲ್ಲ ಆಮೇಲಿನ ಮಾತು.

ಆ ಮಧ್ಯಾಹ್ನ ಪ್ಲಾಸ್ಟರ್ ತಣ್ಣಗಾಗುವವರೆಗೆ ಸ್ಟಿಗ್ ಅದನ್ನು ಎಡಗೈಯಲ್ಲಿ ಹಿಡಿದು ಕೂತಿದ್ದರು. ಗರಗಸ ನೋಡಿ ಕೈ ಹಿಂದಕ್ಕೆಳೆದುಕೊಂಡರು. ಅವಳು ಅದನ್ನು ಚಾಲೂ ಮಾಡಿ ಅಲುಗನ್ನು ತನ್ನ ಅಂಗೈಗೇ ಒತ್ತಿ ತೋರಿಸಿದಳು, ಇದು ಬರೀ ನಡುಗುತ್ತದೆ, ಚರ್ಮ ಕೊಯ್ಯುವುದಿಲ್ಲ. ಆಗ ಕೈ ಕೊಟ್ಟರು. ಪ್ಲಾಸ್ಟರ್ ಎರಡು ಹೋಳಾಗಿ ಬಿಚ್ಚಿತು. ಅವಳು ಬೆಚ್ಚನೆಯ ನೀರಿನಲ್ಲಿ ಬಟ್ಟೆ ಅದ್ದಿ, ಬೆರಳ ಸಂದಿಗಳಲ್ಲಿ ಉಳಿದ ಬಿಳಿ ಪುಡಿಯನ್ನು ಒರೆಸಿ, ಒಣಗಿಸಿದಳು. ಆಮೇಲೆ ಅಭ್ಯಾಸಬಲದಿಂದ ಮುಷ್ಟಿ ಕಟ್ಟಿ ಎಂದಳು. ಕಟ್ಟಿದರು. ಹೆಬ್ಬೆರಳು ಒಂದು ಕ್ಷಣ ಹಿಂದೆ ಉಳಿದು ಬಂತು.

"ಇಲ್ಲಿ," ಎಂದರು ಸ್ಟಿಗ್, ಹೆಬ್ಬೆರಳಿನ ಬುಡವನ್ನು ಎಡಗೈಯಿಂದ ತೋರಿಸಿ. ಸ್ವಲ್ಪ ನಾಚಿಕೆಯಾದವರ ಹಾಗೆ ಬಾಗಿಲ ಕಡೆ ನೋಡಿ, ಮತ್ತೆ ಅವಳ ಕಡೆ ನೋಡಿದರು. "ಎರಡು ವರ್ಷದಿಂದ ನೋವು. ಡಬ್ಬಿಯ ಮುಚ್ಚಳ ತಿರುಗಿಸೋಕೆ ಆಗಲ್ಲ. ಮೊದಲೆಲ್ಲ ಅವಳ ಕೈಯಲ್ಲಿ ತೆಗೆಸಿಕೊಳ್ತಿದ್ದೆ. ಈಗ ಮುಚ್ಚಳ ಇರೋದನ್ನ ಕೊಳ್ಳೋದೇ ಬಿಟ್ಟಿದ್ದೀನಿ. ಯಾರಿಗೂ ಹೇಳಿಲ್ಲ."

ಶ್ರೀಲಕ್ಷ್ಮಿ ಸ್ಟೂಲು ಎಳೆದುಕೊಂಡು ಅವರ ಎದುರು ಕೂತಳು, ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡು ಹೆಬ್ಬೆರಳಿನ ಬುಡದ ಕೀಲನ್ನು ಮೆಲ್ಲಗೆ ಒತ್ತಿ, ಅವರ ಮುಖ ನೋಡಿದಳು.